ಕುಮೇರಿ ಇಂಗ್ಲಿಷ್: ಬಳಕೆದಾರರ ಕೈಪಿಡಿ

(ಮಾದರಿ: ಎಸ್ಸೆಸ್ಸೆಲ್ಸಿ, ದ್ವಿತೀಯ ಭಾಷೆ. ಕನ್ನಡ ಮಾಧ್ಯಮಕ್ಕೆ ಮಾತ್ರ. ಮಳೆ, ಆನೆ ಮತ್ತು ಅಧಿಕಾರಿಗಳಿಂದ ದೂರವಿಡಿ.)

ಬಳಸುವ ಮುನ್ನ ಓದಿ

ಹೊಸದಾಗಿ ಬಂದಿರುವ ಇಂಗ್ಲಿಷ್ ಮೇಷ್ಟ್ರಿಗೆ ಸ್ವಾಗತ. ಕೌನ್ಸೆಲಿಂಗಿನ ದಿನ ಪರದೆಯ ಮೇಲೆ ಸಕಲೇಶಪುರ ತಾಲ್ಲೂಕು ಎಂದು ಕಂಡದ್ದೇ ತಡ, ಕಾಫಿ, ಮಂಜು, ತಂಪು ಎಂದು ನೀವು ಬೆರಳು ತೋರಿಸಿರುತ್ತೀರಿ. ತಪ್ಪಿಲ್ಲ, ನಾನೂ ಹಾಗೇ ಬಂದವನು. ನಮ್ಮ ಶಾಲೆಯ ಹಿಂದಿನ ಗುಡ್ಡ ಹತ್ತಿದರೆ ಎಡಕುಮೇರಿಯ ಕಡೆಯ ಕಣಿವೆ ಕಾಣುತ್ತದೆ. ಅಂದರೆ ಬೇಸಿಗೆಯಲ್ಲಿ ಕಾಣುತ್ತದೆ. ಉಳಿದ ದಿನ ಮಂಜು ಕಾಣುತ್ತದೆ.

ಎಡಕುಮೇರಿಗೆ ರೈಲು ನಿಲ್ದಾಣವಿದೆ, ಹೇಳಿಕೊಳ್ಳುವಂಥ ರಸ್ತೆಯಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್ ಘಾಟಿ, 57 ಸುರಂಗ, ನೂರಕ್ಕೂ ಮಿಕ್ಕಿದ ಸೇತುವೆ. 50 ಅಡಿ ಮುಂದೆ ಹೋದರೆ ಒಂದಡಿ ಏರು. ಕೆಳಗಿನಿಂದ ಹತ್ತಿ ಬರುವ ಗಾಡಿಗೆ ಮುಂದಿನ ಎಂಜಿನ್ ಸಾಲದು, ಹಿಂದಿನಿಂದ ತಳ್ಳಲು ಬೇರೆ ಎಂಜಿನ್ ಕಟ್ಟುತ್ತಾರೆ. ರೈಲ್ವೆಯವರು ಅದನ್ನು 'ಬ್ಯಾಂಕರ್' ಎನ್ನುತ್ತಾರೆ. ನಮ್ಮ ಇಲಾಖೆಯಲ್ಲಿ ಅದನ್ನು 'ಇಂಗ್ಲಿಷ್ ಮೇಷ್ಟ್ರು' ಎನ್ನುತ್ತಾರೆ.

ಕುಮೇರಿ ಎಂಬ ಮಾತನ್ನು ಮೊದಲು ತಿಳಿದುಕೊಳ್ಳಿ, ಈ ಕೈಪಿಡಿ ನಿಂತಿರುವುದೇ ಅದರ ಮೇಲೆ. ಹಿಂದೆ ಘಟ್ಟದ ಕಾಡಿನಲ್ಲಿ ಒಂದು ತುಂಡು ಜಾಗ ಗೊತ್ತು ಮಾಡಿ, ಮರ ಕಡಿದು, ಒಣಗಿದ ಮೇಲೆ ಬೆಂಕಿ ಕೊಟ್ಟು, ಮಳೆ ಹಿಡಿಯುವ ಹೊತ್ತಿಗೆ ಆ ಬೂದಿಯಲ್ಲೇ ಬಿತ್ತಿ, ಒಂದೆರಡು ಬೆಳೆ ತೆಗೆದು, ಜಾಗ ಬಿಟ್ಟು ಮುಂದೆ ಹೋಗುವ ಬೇಸಾಯಕ್ಕೆ ಕುಮೇರಿ ಎನ್ನುತ್ತಿದ್ದರು. ಬ್ರಿಟಿಷರ ಕಾಲದ ಅರಣ್ಯ ಇಲಾಖೆ ಅದು ಕಾಡಿಗೆ ಕೇಡೆಂದು ತಡೆಯಿತು. ಕಾಡಿನಲ್ಲಿ ನಿಂತುಹೋದ ಆ ಬೇಸಾಯ ಹತ್ತನೇ ತರಗತಿಯ ಕೋಣೆಯಲ್ಲಿ ಪ್ರತಿ ವರ್ಷ ನಡೆಯುತ್ತಿದೆ. ಜೂನ್‌ನಲ್ಲಿ ಜಾಗ ಗುರುತು, ಮಾರ್ಚ್‌ನಲ್ಲಿ ಕುಯ್ಲು, ಏಪ್ರಿಲ್‌ನಲ್ಲಿ ಬೀಳು. ಮುಂದಿನ ಜೂನ್‌ಗೆ ಹೊಸ ಕಾಡು.

ಪೆಟ್ಟಿಗೆಯಲ್ಲಿ ಏನೇನಿದೆ

ಮಕ್ಕಳು: ಎರಡು ಬೆಂಚು ಸಾಲು. ದೊಡ್ಡ ತೋಟದವರ ಮಕ್ಕಳು ಇದರಲ್ಲಿ ಸೇರಿಲ್ಲ, ಅವರು ಬೆಳಿಗ್ಗೆ ವ್ಯಾನಿನಲ್ಲಿ ಪೇಟೆಯ ಕಾನ್ವೆಂಟಿಗೆ ಹೋಗುತ್ತಾರೆ. ನಿಮಗೆ ಬರುವವರು ತೋಟದ ಕೂಲಿಯವರ ಲೈನ್ ಮನೆಗಳ ಮಕ್ಕಳು, ಎರಡೆಕರೆ ಕಾಫಿಯವರ ಮಕ್ಕಳು, ರೈಲು ಹಳಿ ಕೆಲಸದ ಒಬ್ಬ ಗ್ಯಾಂಗ್‌ಮನ್ನಿನ ಮಗ. 2007ರಿಂದ ಕನ್ನಡ ಶಾಲೆಗಳಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇರುವುದರಿಂದ ಪ್ರತಿ ಮಗುವೂ ಒಂಬತ್ತು ವರ್ಷ ಇಂಗ್ಲಿಷ್ ಕಲಿತು ಬಂದಿರುತ್ತದೆ. ದಾಖಲೆಯಲ್ಲಿ.

ಪ್ರಶ್ನೆಪತ್ರಿಕೆ: ಒಂದು. 80 ಅಂಕ, 38 ಪ್ರಶ್ನೆ. ಓದಿಕೊಳ್ಳುವ 15 ನಿಮಿಷವೂ ಸೇರಿ ಮೂರು ಗಂಟೆ. ಆ 15 ನಿಮಿಷದಲ್ಲಿ ಮಕ್ಕಳು ಫ್ಯಾನು ನೋಡುತ್ತಾರೆ.

ಆಂತರಿಕ ಅಂಕ: 20. ಇದು ಶಾಲೆಯ ಕೈಯಲ್ಲಿದೆ, ಚಿಂತಿಸಬೇಡಿ.

ಮಂತ್ರಸಂಖ್ಯೆ: 28. ಲಿಖಿತ ಪರೀಕ್ಷೆಯಲ್ಲಿ 80ಕ್ಕೆ 28 ಬಂದರೆ ಮಗು ದಡ ಸೇರಿತು ಎಂಬ ಲೆಕ್ಕದಲ್ಲೇ ನನ್ನ ಕೂದಲು ಬೆಳ್ಳಗಾಯಿತು. ಪಾಸಿನ ಗೆರೆಯನ್ನು ಶೇಕಡಾ 35ರಿಂದ 33ಕ್ಕೆ ಇಳಿಸುವ ಘೋಷಣೆ 2025ರ ಅಕ್ಟೋಬರಿನಲ್ಲಿ ಬಂತು. ಗೆರೆ ಇಳಿದರೂ ಏರು ಇಳಿಯುವುದಿಲ್ಲ.

ಪಾಸಿಂಗ್ ಪ್ಯಾಕೇಜ್: ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರಗಳ ಒಂದು ಜೆರಾಕ್ಸ್ ಕಟ್ಟು. ಇದೇ ನಿಮ್ಮ ಕತ್ತಿ, ಬೆಂಕಿಪೊಟ್ಟಣ, ಬೀಜ. ಪಠ್ಯಪುಸ್ತಕವೂ ಪೆಟ್ಟಿಗೆಯಲ್ಲಿದೆ, ಪ್ಯಾಕೇಜ್ ಗಾಳಿಗೆ ಹಾರದಂತೆ ಅದರ ಮೇಲಿಡಬಹುದು.

ಹಂತ 1: ಜಾಗ ಗುರುತಿಸುವುದು

ಮೊದಲ ಕಿರುಪರೀಕ್ಷೆಯಾದ ಕೂಡಲೇ ಮಕ್ಕಳನ್ನು ಮೂರು ಪಟ್ಟಿ ಮಾಡಿ: ತಾವಾಗಿ ಪಾಸಾಗುವವರು, ತಳ್ಳಿದರೆ ಪಾಸಾಗುವವರು, ಕೈಮುಗಿದರೆ ಪಾಸಾಗುವವರು. ಇಲಾಖೆಯ ನಮೂನೆಯಲ್ಲಿ ಮೂರನೆಯವರ ಹೆಸರು 'ನಿಧಾನಗತಿಯ ಕಲಿಕೆಯವರು'. ಇವರನ್ನು ಶಿಕ್ಷಕರಿಗೆ ದತ್ತು ಕೊಡಲಾಗುತ್ತದೆ. ನನಗೆ ಒಂದು ವರ್ಷ ಆರು ದತ್ತು ಮಕ್ಕಳಿದ್ದರು. ಸ್ವಂತ ಮಗಳು ಯಾವ ಪಾಠದಲ್ಲಿದ್ದಾಳೆಂದು ಕೇಳಿದರೆ ಹೆಂಡತಿಯ ಮುಖ ನೋಡುತ್ತಿದ್ದೆ.

ಆಮೇಲೆ ನೀಲನಕ್ಷೆ ಬಿಡಿಸಿ. ಪತ್ರಕ್ಕೆ ಐದು, ಬಾಯಿಪಾಠದ ಪದ್ಯಕ್ಕೆ ನಾಲ್ಕು, ಪ್ರಬಂಧಕ್ಕೆ ನಾಲ್ಕು, ಚಿತ್ರ ನೋಡಿ ಬರೆಯುವುದಕ್ಕೆ ಮೂರು, ವ್ಯಕ್ತಿಚಿತ್ರಕ್ಕೆ ಮೂರು, ಕತೆ ಕಟ್ಟುವುದಕ್ಕೆ ಮೂರು. ಕೂಡಿಸಿ. 22 ಆಯಿತು. ಇನ್ನಾರು ಅಂಕ ವ್ಯಾಕರಣದ ಬಹುಆಯ್ಕೆಯಲ್ಲೋ ದೇವರ ದಯೆಯಲ್ಲೋ ಹುಟ್ಟುತ್ತದೆ. ಒಂದು ಪಾಠವನ್ನೂ ಓದದೆ 28ರ ಹತ್ತಿರ ಬಂದುಬಿಟ್ಟಿರಿ. ಈ ಲೆಕ್ಕ ಮೊದಲ ಸಲ ಕಂಡಾಗ ನನಗೆ ನಾಚಿಕೆಯಾಗಿತ್ತು. ಎರಡನೇ ವರ್ಷ ಇದನ್ನೇ ಕಾರ್ಯಾಗಾರದಲ್ಲಿ ಬೋರ್ಡಿನ ಮೇಲೆ ಬರೆದು ಚಪ್ಪಾಳೆ ಗಿಟ್ಟಿಸಿದೆ.

ಜಿಲ್ಲೆಯ ಮಾನವೂ ನಿಮ್ಮ ಹೆಗಲ ಮೇಲಿದೆ ಎಂಬುದು ನೆನಪಿರಲಿ. 2019ರಲ್ಲಿ ಹಾಸನ ಜಿಲ್ಲೆ ಎಸ್ಸೆಸ್ಸೆಲ್ಸಿಯಲ್ಲಿ ಶೇಕಡಾ 89.33 ಫಲಿತಾಂಶದೊಂದಿಗೆ ರಾಜ್ಯಕ್ಕೇ ಮೊದಲು ಬಂತು. ಶ್ರೇಯಸ್ಸು ಯಾರದೆಂಬ ಚರ್ಚೆ ರಾಜಕೀಯದವರೆಗೂ ಹೋಯಿತು. ಮಕ್ಕಳದು ಎಂದು ಯಾರಾದರೂ ಹೇಳಿದ್ದರೆ ನನ್ನ ಕಿವಿಗೆ ಬೀಳಲಿಲ್ಲ. ಜಿಲ್ಲೆ ಮೊದಲು ಬಂದ ಮೇಲೆ ಇನ್ನು ಇರುವುದು ಇಳಿಜಾರು ಮಾತ್ರ. ಹಾಗಾಗಿ ಅಂದಿನಿಂದ ಸಭೆಗಳು ಹೆಚ್ಚಾದವು.

ಹಂತ 2: ಕಡಿಯುವುದು

ಈಗ ಪಠ್ಯಪುಸ್ತಕವೆಂಬ ಕಾಡಿಗೆ ಕತ್ತಿ ಹಾಕಿ. ಇದರಲ್ಲಿ ಒಳ್ಳೊಳ್ಳೆಯ ಮರಗಳಿವೆ, ಅದೇ ತೊಂದರೆ. ಆರ್.ಕೆ. ನಾರಾಯಣರ 'ಎ ಹೀರೋ' ಇದೆ. ರಸ್ಕಿನ್ ಬಾಂಡ್‌ನ ಅಜ್ಜಿ ಮರ ಹತ್ತುತ್ತಾಳೆ. ಕೂತು ಓದಿದರೆ ಮಕ್ಕಳು ನಗುತ್ತಾರೆ, ಪೀರಿಯಡ್ ಮುಗಿದುಹೋಗುತ್ತದೆ, ನೀಲನಕ್ಷೆ ಹಿಂದೆ ಬೀಳುತ್ತದೆ.

ವಿ.ಕೃ. ಗೋಕಾಕರ ಇಂಗ್ಲಿಷ್ ಪದ್ಯವೂ ಇದೆ, 'ದಿ ಸಾಂಗ್ ಆಫ್ ಇಂಡಿಯಾ'. ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯನ್ನು ನಡೆಸಿದ ಇದೇ ಗೋಕಾಕರ ಸಮಿತಿ 1981ರಲ್ಲಿ ಪ್ರೌಢಶಾಲೆಯಲ್ಲಿ ಕನ್ನಡಕ್ಕೇ ಮೊದಲ ಮಣೆ ಹಾಕಬೇಕೆಂದು ವರದಿ ಕೊಟ್ಟಿತು, ಮರುವರ್ಷ ಅದಕ್ಕಾಗಿ ಕನ್ನಡನಾಡು ಬೀದಿಗಿಳಿಯಿತು. ಎರಡು ಭಾಷೆಯನ್ನೂ ಒಂದೇ ಹೃದಯದಲ್ಲಿ ಇಟ್ಟುಕೊಂಡವರೊಬ್ಬರು ನಮ್ಮ ನಡುವೆ ಇದ್ದರು ಎಂದು ಮಕ್ಕಳಿಗೆ ಹೇಳಬೇಕೆನಿಸುತ್ತದೆ. ಹೇಳಬೇಡಿ. ಅದಕ್ಕೆ ಅಂಕವಿಲ್ಲ.

'ದೇರ್ ಈಸ್ ಎ ಗರ್ಲ್ ಬೈ ದ ಟ್ರ್ಯಾಕ್ಸ್' ಎಂಬ ಪಾಠದ ಬಳಿ ವಿಶೇಷ ಎಚ್ಚರ ಬೇಕು. ಮುಂಬೈ ಲೋಕಲ್ ರೈಲಿನಿಂದ ಬಿದ್ದ ಹುಡುಗಿಯನ್ನು ಪರಿಚಯವೇ ಇಲ್ಲದ ಯುವಕನೊಬ್ಬ ಹಾರಿ ಇಳಿದು ಕಾಪಾಡಿದ ನಿಜಸಂಗತಿ. ಇಡೀ ಪುಸ್ತಕದಲ್ಲಿ ನಮ್ಮ ಮಕ್ಕಳಿಗೆ ನಿಮಗಿಂತ ಹೆಚ್ಚು ಗೊತ್ತಿರುವ ಪಾಠ ಇದೊಂದೇ. ಹಳಿ ಪಕ್ಕ ಬಿದ್ದವರ ಸುದ್ದಿ, ಸುರಂಗದೊಳಗೆ ಗಾಡಿ ಬಂದರೆ ಗೋಡೆಯ ಗೂಡಿನಲ್ಲಿ ಹೇಗೆ ಅಂಟಿ ನಿಲ್ಲಬೇಕು, 2024ರ ಜುಲೈನಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿಯ ನಡುವೆ ಗುಡ್ಡ ಜಾರಿ ಸಂಚಾರ ನಿಂತಾಗ ಮಳೆಯಲ್ಲೇ ಮರಳು ಮೂಟೆ ಪೇರಿಸಿದ್ದು, ಎಲ್ಲ ಹೊರಬರುತ್ತದೆ. ಕನ್ನಡದಲ್ಲಿ ಬರುತ್ತದೆ, ನಡುನಡುವೆ ಇಂಗ್ಲಿಷ್‌ನಲ್ಲೂ ಬರುತ್ತದೆ. ಬಾಗಿಲು ಹಾಕಿಕೊಳ್ಳಿ. ಪ್ಯಾಕೇಜಿನಲ್ಲಿ ಈ ಪಾಠಕ್ಕೆ ಇರುವುದು ಎರಡೇ ಪ್ರಶ್ನೆ, ನಾಲ್ಕು ಸಾಲು ಉತ್ತರ. ಅದನ್ನು ಬರೆಸಿ ಮುಂದೆ ಹೋಗಿ.

ಹಂತ 3: ಸುಡುವುದು

ಜಾಗದಲ್ಲಿ ಮೊದಲೇ ಬೆಳೆದುಕೊಂಡಿರುವ ಇಂಗ್ಲಿಷನ್ನು ಬಿತ್ತನೆಗೆ ಮುನ್ನ ಸುಡಬೇಕು. ಈ ಗುಡ್ಡಗಳಲ್ಲಿ ಅದು ಕಳೆಯಂತೆ ಹಬ್ಬಿದೆ. ಲೈನ್ ಮನೆಯ ಹುಡುಗಿಗೆ ಪಲ್ಪರ್, ಪಾರ್ಚ್‌ಮೆಂಟ್, ಚೆರಿ, ಬೆರಿ ಬೋರರ್, ಸಿಲ್ವರ್ ಓಕ್ ಗೊತ್ತು. ಬ್ಲಾಸಮ್ ಮಳೆ ಬಂದು ಹೂ ಅರಳಿದ ಮೇಲೆ ಬ್ಯಾಕಿಂಗ್ ಮಳೆ ಬರದಿದ್ದರೆ ಸೌಕಾರ್ರ ಮುಖ ಹೇಗಾಗುತ್ತದೆ ಎಂಬುದೂ ಗೊತ್ತು. ಗ್ಯಾಂಗ್‌ಮನ್ನಿನ ಮಗನಿಗೆ ಸ್ಲೀಪರ್, ಪಾಯಿಂಟ್, ಲೂಪ್ ಲೈನ್, ಲೈನ್ ಕ್ಲಿಯರ್ ಗೊತ್ತು. ಆನೆಯ ದೆಸೆಯಿಂದ ರೇಡಿಯೊ ಕಾಲರ್, ಸೋಲಾರ್ ಫೆನ್ಸ್, ಟಾಸ್ಕ್ ಫೋರ್ಸ್ ಎಲ್ಲರಿಗೂ ಗೊತ್ತು. ಒಂದು ದಿನ ತಮಾಷೆಗೆ ಬೋರ್ಡಿನ ಮೇಲೆ ಬರೆಸುತ್ತಾ ಹೋದೆ, ನೂರು ದಾಟಿತು. ಮುಟ್ಟಿ, ಹೊತ್ತು, ಹೆದರಿ ಕಲಿತ ನೂರು ಶಬ್ದ. ಇವುಗಳಲ್ಲಿ ಒಂದೂ ಪ್ರಶ್ನೆಪತ್ರಿಕೆಯಲ್ಲಿ ಬಂದದ್ದು ಕಾಣೆ. ಡಸ್ಟರ್ ತೆಗೆದುಕೊಂಡು ಒರೆಸಿದೆ.

ಅರ್ಧಕ್ಕರ್ಧ ಸುಟ್ಟರೆ ಸಾಲದು, ಬೇರು ಉಳಿಯುತ್ತದೆ. ಉದಾಹರಣೆಗೆ ರಜಾ ಅರ್ಜಿ. ನಮ್ಮ ಪ್ಯಾಕೇಜಿನ ರಜಾ ಅರ್ಜಿಯಲ್ಲಿ ಪ್ರತಿ ಮಗುವೂ ಜ್ವರದಿಂದ ನರಳುತ್ತಿರುತ್ತದೆ. ಒಬ್ಬಳು ಮಾತ್ರ ನಿಜವಾದ ಕಾರಣ ಬರೆದಳು: 'ಎಲಿಫೆಂಟ್ ಸ್ಟ್ಯಾಂಡಿಂಗ್ ಇನ್ ರೋಡ್. ಫಾದರ್ ಟೆಲ್ ಡೋಂಟ್ ಗೋ.' ಅಷ್ಟೂ ನಿಜ. ನಾನು ಕೆಂಪು ಶಾಯಿಯಲ್ಲಿ ಆನೆಯನ್ನು ಹೊಡೆದು ಜ್ವರ ಎಂದು ಬರೆದೆ. ಅವಳು ಪುಸ್ತಕ ನೋಡಿ, ನನ್ನ ಮುಖ ನೋಡಿ, ಮೆಲ್ಲಗೆ ಕೇಳಿದಳು, "ಸಾರ್, ಸುಳ್ಳು ಬರೆದ್ರೆ ಪೂರ್ತಿ ಮಾರ್ಕ್ಸಾ?"

ಹಂತ 4: ಬಿತ್ತುವುದು

ಬೀಜಗಳು ಮೂರು ತರ.

ಮೊದಲನೆಯದು ಸರ್ವಋತು ಬೀಜ. ಚಿತ್ರ ಯಾವುದೇ ಇರಲಿ, ಸಂತೆ, ಬಸ್ ನಿಲ್ದಾಣ, ಪಾರ್ಕು, ಮಕ್ಕಳು ಬರೆಯಬೇಕಾದ ವಾಕ್ಯಗಳು ಅವೇ: ಇದೊಂದು ಸುಂದರವಾದ ಚಿತ್ರ, ಇದರಲ್ಲಿ ತುಂಬ ಜನರಿದ್ದಾರೆ, ಕೆಲವರು ನಿಂತಿದ್ದಾರೆ, ಕೆಲವರು ಕೂತಿದ್ದಾರೆ, ನನಗೆ ಈ ಚಿತ್ರ ಬಹಳ ಇಷ್ಟ. ಒಂದು ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ರಸ್ತೆ ಅಪಘಾತದ ಚಿತ್ರ ಬಂತು. ನಮ್ಮ ಇಡೀ ತರಗತಿಗೆ ಆ ಅಪಘಾತ ಬಹಳ ಇಷ್ಟವಾಯಿತು. ಎಲ್ಲರಿಗೂ ಮೂರಕ್ಕೆ ಎರಡು ಕೊಟ್ಟೆ.

ಪ್ರಬಂಧವೂ ಇದೇ ಜಾತಿ. ಪ್ಯಾಕೇಜಿನಲ್ಲಿರುವುದು ಪರಿಸರ ಮಾಲಿನ್ಯ. ಕಾರ್ಖಾನೆಯ ಚಿಮಣಿಯನ್ನು ಕಣ್ಣಾರೆ ಕಾಣದ ಮಕ್ಕಳು ಅದರ ಹೊಗೆಯ ಬಗ್ಗೆ ನಾಲ್ಕು ಪ್ಯಾರಾ ಬರೆಯುತ್ತಾರೆ. ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಆನೆ ಅರ್ಜುನ 2023ರ ಡಿಸೆಂಬರ್ 4ರಂದು ಇಲ್ಲೇ ಯಸಳೂರು ವಲಯದಲ್ಲಿ ಕಾಡಾನೆಯೊಂದಿಗೆ ಕಾದಾಡಿ ಸತ್ತಾಗ ಮರುದಿನ ತರಗತಿಯಲ್ಲಿ ಅದು ಬಿಟ್ಟು ಬೇರೆ ಮಾತಿರಲಿಲ್ಲ. ಕೆಲವರು ಅಳುತ್ತಿದ್ದರು. ಅಂದು ನಾವು ಪರಿಸರ ಮಾಲಿನ್ಯದ ಎರಡನೇ ಪ್ಯಾರಾ ಬಾಯಿಪಾಠ ಮಾಡಿದೆವು.

ಎರಡನೆಯದು ಬಾಯಿಪಾಠದ ಬೀಜ. ಶೇಕ್ಸ್‌ಪಿಯರ್‌ನ 'ಕ್ವಾಲಿಟಿ ಆಫ್ ಮರ್ಸಿ' ಪದ್ಯವನ್ನು ಮೊದಲು ಕನ್ನಡ ಲಿಪಿಯಲ್ಲಿ ಬರೆಸಿ, ಆಮೇಲೆ ಇಂಗ್ಲಿಷ್ ಲಿಪಿಗೆ ದಾಟಿಸಿ. ಸಾಲ ತೀರಿಸದವನ ಮೈಯಿಂದ ಒಂದು ಪೌಂಡ್ ಮಾಂಸ ಕೊಯ್ಯಲು ಕತ್ತಿ ಮಸೆಯುತ್ತಿರುವ ಶೈಲಾಕ್‌ನಿಗೆ ಪೋರ್ಶಿಯಾ ಹೇಳುವ ಮಾತು ಅದು: ಕರುಣೆ ಬಲವಂತಕ್ಕೆ ಬರುವಂಥದಲ್ಲ. ಅದನ್ನು ನಾನು ಪ್ರತಿ ದಿನ ಸಂಜೆ ನಾಲ್ಕೂವರೆಯಿಂದ ಐದೂವರೆಯವರೆಗೆ, ಕೊನೆಯ ಬಸ್ಸು ಹೋಗುತ್ತದೆಂದು ಚಡಪಡಿಸುವ ಮಕ್ಕಳಿಂದ, ಬಲವಂತವಾಗಿ ಹೇಳಿಸುತ್ತೇನೆ.

ಮೂರನೆಯದು ತಿರುವುಮುರುವು ಬೀಜ. ಇದರಲ್ಲಿ ಉತ್ತರ ಮೊದಲೇ ಕೊಟ್ಟಿರುತ್ತಾರೆ, ಅಡಿಗೆರೆ ಎಳೆದು. ಅದು ಉತ್ತರವಾಗಿ ಬರುವಂತೆ ಮಗು ಪ್ರಶ್ನೆ ಕಟ್ಟಬೇಕು. ಜಗತ್ತಿನಲ್ಲಿ ಬೇರೆಲ್ಲೂ ಉತ್ತರ ಗೊತ್ತಿರುವವರು ಪ್ರಶ್ನೆ ಕೇಳುವುದಿಲ್ಲ, ಪರಿಶೀಲನೆಗೆ ಬರುವ ಅಧಿಕಾರಿಗಳನ್ನು ಬಿಟ್ಟು.

ಹಂತ 5: ಕಾವಲು

ಬಿತ್ತಿದ ಮೇಲೆ ಕಾಯಬೇಕು. ಶತ್ರುಗಳು ಋತುಮಾನಕ್ಕೆ ತಕ್ಕಂತೆ ಬರುತ್ತವೆ. ಜುಲೈನಲ್ಲಿ ಜಿಲ್ಲಾಧಿಕಾರಿಗಳ ಮಳೆ ರಜೆ. ಡಿಸೆಂಬರಿನಿಂದ ಕಾಫಿ ಕುಯ್ಲು. ತಾಯಂದಿರು ಹಣ್ಣು ಕೊಯ್ಯಲು ಹೋಗುತ್ತಾರೆ, ಹತ್ತನೇ ತರಗತಿಯವಳು ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳುತ್ತಾಳೆ. ಪೂರ್ವಸಿದ್ಧತಾ ಪರೀಕ್ಷೆ ಬರುವುದೂ ಇದೇ ಹೊತ್ತಿಗೆ. ರೋಬಸ್ಟಾ ಮುಗಿಯಿತು ಎನ್ನುವಾಗ ಅಂತಿಮ ಪರೀಕ್ಷೆ.

ಕಾವಲಿನ ಮುಖ್ಯ ಆಯುಧ ಬೆಳಗಿನ ಫೋನು. ಐದು ಗಂಟೆಗೆ ದತ್ತು ಮಕ್ಕಳಿಗೆ ಕರೆ ಮಾಡಿ ಓದಲು ಎಬ್ಬಿಸಬೇಕು. ಮಾಡಿದ್ದಕ್ಕೆ ವರದಿ ಕೊಡಬೇಕು. ನಾನು ಅಂಗಳದ ಬಂಡೆಯ ಮೇಲೆ ನಿಂತು, ಅಲ್ಲಿ ಮಾತ್ರ ಎರಡು ಕಡ್ಡಿ ನೆಟ್‌ವರ್ಕ್ ಸಿಗುವುದು, ಒಂದು ಲೈನ್ ಮನೆಗೆ ಫೋನು ಮಾಡಿದೆ. ತಾಯಿ ಎತ್ತಿದರು.

"ಅಮ್ಮಾ, ಮಗಳನ್ನು ಎಬ್ಬಿಸಿ."

"ಅವ್ಳು ಆಗ್ಲೇ ಎದ್ದು ನೀರಿಗೆ ಹೋಗಿದಾಳೆ ಸಾರ್. ಬಂದ್ಮೇಲೆ ಮಲಗಿಸ್ಲಾ, ನೀವು ಎಬ್ಬಿಸಕ್ಕೆ?"

ವರದಿಯಲ್ಲಿ 'ಎಚ್ಚರಿಸಲಾಗಿದೆ' ಎಂದು ಬರೆದೆ. ಯಾರನ್ನು ಎಂದು ನಮೂನೆಯಲ್ಲಿ ಕೇಳಿರಲಿಲ್ಲ.

ಹಂತ 6: ಕುಯ್ಲು

ಪರೀಕ್ಷೆಯ ದಿನ ದಾರಿಯುದ್ದಕ್ಕೂ ಕಾಫಿ ಹೂವಿನ ವಾಸನೆ ಇರಬಹುದು. ಹೂಮಳೆ ಬಂದು ವಾರವಾಗಿದ್ದರೆ ಗಿಡಗಳೆಲ್ಲ ಬಿಳಿ ಹೊದ್ದಿರುತ್ತವೆ. ಮಕ್ಕಳಿಗೆ ತೋರಿಸಬೇಡಿ, ಪದ್ಯ ಮರೆಯುತ್ತಾರೆ.

2024ರಿಂದ ಕೋಣೆಗಳಲ್ಲಿ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಇದೆ. ಅದು ಬಂದ ಮೊದಲ ವರ್ಷವೇ ರಾಜ್ಯದ ಫಲಿತಾಂಶ ಶೇಕಡಾ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ ಮೇಲೆ. ಆಗ ಕೆಲವರು ಕ್ಯಾಮೆರಾ ತಪ್ಪೆಂದರು, ಕೆಲವರು ಮಕ್ಕಳ ತಪ್ಪೆಂದರು. ಹಿಂದಿನಿಂದ ತಳ್ಳುವ ಎಂಜಿನನ್ನು ಒಂದು ಕ್ಷಣ ಬಿಚ್ಚಿದರೆ ಗಾಡಿ ಎಲ್ಲಿ ನಿಲ್ಲುತ್ತದೆ ಎಂದು ಅಳೆದದ್ದಷ್ಟೇ ಎಂದು ನಾನು ಅಂದುಕೊಂಡೆ, ಸಭೆಯಲ್ಲಿ ಅನ್ನಲಿಲ್ಲ.

ಈ ಗುಡ್ಡದ ಜನರಿಗೆ ಬೇರೆ ಬೇಸಾಯವೂ ಗೊತ್ತು ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ಕಾಫಿ ಸಸಿ ನೆಟ್ಟವನು ಫಸಲಿಗೆ ಮೂರು ನಾಲ್ಕು ವರ್ಷ ಕಾಯುತ್ತಾನೆ. ನೆರಳಿನ ಮರಗಳನ್ನು ಕಡಿಯುವುದಿಲ್ಲ, ಅವುಗಳಡಿಯಲ್ಲೇ ನೆಡುತ್ತಾನೆ. ಮಗುವಿನ ಕನ್ನಡವನ್ನೂ ಅದರ ನೂರು ಶಬ್ದಗಳನ್ನೂ ನೆರಳಿನ ಮರವೆಂದು ತಿಳಿದು, ಅದರಡಿಯಲ್ಲಿ ಒಂದನೇ ತರಗತಿಯಿಂದ ನಿಧಾನವಾಗಿ ಇಂಗ್ಲಿಷ್ ನೆಟ್ಟಿದ್ದರೆ, ಹತ್ತು ವರ್ಷದಲ್ಲಿ ಹಲವು ಸಲ ಫಸಲು ಬರಬಹುದಿತ್ತು. ಆದರೆ ಈ ವಿಷಯ ಬೇರೆ ಕೈಪಿಡಿಗೆ ಸೇರಿದ್ದು. ಅದು ಇನ್ನೂ ಅಚ್ಚಾಗಿಲ್ಲ.

ಸಾಮಾನ್ಯ ದೋಷಗಳು ಮತ್ತು ಪರಿಹಾರ

ದೋಷ: ಮಗು ಪತ್ರದಲ್ಲಿ ತನ್ನ ಸ್ವಂತ ಊರಿನ ವಿಳಾಸ ಬರೆಯುತ್ತದೆ.
ಪರಿಹಾರ: ಪ್ರಶ್ನೆಯಲ್ಲಿ ಕೊಟ್ಟ ಹೆಸರು, ಕೊಟ್ಟ ಊರು ಮಾತ್ರ ಬರೆಯಬೇಕೆಂದು ತಿಳಿಹೇಳಿ. ಪರೀಕ್ಷೆಯಲ್ಲಿ ಅವರು ಅವರಲ್ಲ.

ದೋಷ: ಮಗು "ಇದು ಯಾಕೆ ಹೀಗೆ?" ಎಂದು ಕೇಳುತ್ತದೆ.
ಪರಿಹಾರ: "ಇಂಪಾರ್ಟೆಂಟ್, ಬರ್ಕೊ" ಎನ್ನಿ. ದೋಷ ಸಾಮಾನ್ಯವಾಗಿ ಸೆಪ್ಟೆಂಬರ್ ಒಳಗೆ ತಾನಾಗಿ ನಿಲ್ಲುತ್ತದೆ.

ದೋಷ: ರಾತ್ರಿ ಎರಡು ಗಂಟೆಗೆ ಶಿಕ್ಷಕನಿಗೆ ಎಚ್ಚರವಾಗುತ್ತದೆ.
ಪರಿಹಾರ: ಐದು ಗಂಟೆಗೆ ಫೋನು ಮಾಡುವುದಿದೆ, ಮಲಗಿ.

ದೋಷ: ಪರೀಕ್ಷೆ ಮುಗಿದ ಮೇಲೂ ಮಗು ಇಂಗ್ಲಿಷ್ ಮಾತಾಡುತ್ತದೆ.
ಪರಿಹಾರ: ಕೆಳಗಿನ ವಾರಂಟಿ ನೋಡಿ.

ವಾರಂಟಿ

ಈ ಉತ್ಪನ್ನದ ವಾರಂಟಿ ಪರೀಕ್ಷಾ ಕೊಠಡಿಯ ಕೊನೆಯ ಗಂಟೆ ಬಾರಿಸುವವರೆಗೆ ಮಾತ್ರ. ಆಮೇಲೆ ಜಾಗ ಬೀಳು ಬಿಟ್ಟಂತೆ. ಅದರಲ್ಲಿ ಏನು ಚಿಗುರಿದರೂ ನಾವು ಜವಾಬ್ದಾರರಲ್ಲ.

ಒಂದೇ ಒಂದು ದೂರು ಬಂದಿದೆ, ದಾಖಲಿಸುತ್ತೇನೆ. ಗ್ಯಾಂಗ್‌ಮನ್ನಿನ ಮಗ. ಮೂರನೇ ಪಟ್ಟಿಯವನು, ನನ್ನ ದತ್ತುಮಗ. ಬರೆದದ್ದು 80ಕ್ಕೆ 29. ಅಂಕಪಟ್ಟಿ ಒಯ್ಯಲು ಬಂದವನು ಬಾಗಿಲಲ್ಲೇ ನಿಂತ. ರಜೆಯಲ್ಲಿ ಅಪ್ಪನ ಜೊತೆ ಎಡಕುಮೇರಿಯ ಕಡೆ ಹೋಗಿದ್ದನಂತೆ. ಹಳಿಯ ಮೇಲೆ ಚಾರಣ ನಿಷೇಧವಿದೆ, ಆದರೂ ಚಾರಣದ ಚೀಲ ಹೊತ್ತ ನಾಲ್ಕು ಜನ ಸುರಂಗದ ಕಡೆ ಹೊರಟಿದ್ದರು. ಕನ್ನಡ ಬರುವವರಲ್ಲ. ಅಪ್ಪ ದೂರದಲ್ಲಿದ್ದ.

"ನೀನೇನಂದೆ?"

ಹುಡುಗ ನಾಚಿಕೊಂಡ. ತಪ್ಪು ಹೇಳಿದ್ದಕ್ಕೆ ಬೈಯುತ್ತೇನೆಂಬ ಹೆದರಿಕೆ. ಆಮೇಲೆ ಹೇಳಿದ: "ನೋ ಗೋ. ಟನಲ್ ಲಾಂಗ್. ಗೂಡ್ಸ್ ಕಮಿಂಗ್, ಲೈನ್ ಕ್ಲಿಯರ್ ಕೊಟ್ಟಾಯ್ತು. ಯು ಸ್ಟ್ಯಾಂಡ್ ಹಿಯರ್ ವಿತ್ ಮಿ."

ರೂಢಿಬಲದಿಂದ ನನ್ನ ಕೈ ಜೇಬಿನ ಕೆಂಪು ಪೆನ್ನಿಗೆ ಹೋಯಿತು. ಮೊದಲ ವಾಕ್ಯದಲ್ಲಿ ಕರ್ತೃವಿಲ್ಲ. ಎರಡನೆಯದರಲ್ಲಿ ಕ್ರಿಯಾಪದವಿಲ್ಲ. ಮೂರನೆಯದರ ಅರ್ಧ ಕನ್ನಡ. ನೀಲನಕ್ಷೆಯ ಪ್ರಕಾರ ಸೊನ್ನೆ.

"ನಿಂತರಾ?"

"ನಿಂತ್ರು ಸಾರ್. ಗಾಡಿ ಹೋಗೋ ತನ್ಕ."

ದೋಷದ ಮೂಲ ಪತ್ತೆಯಾಗಿಲ್ಲ. ಆ ವಾಕ್ಯಗಳು ನಮ್ಮ ಪ್ಯಾಕೇಜಿನಲ್ಲಿ ಇಲ್ಲ. ಅವನು ಹೋದ ಮೇಲೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಎರಡು ಸಲ ಹುಡುಕಿದೆ.